‘ಡೋಪ್’ ಅಂದರೆ ಗಾಂಜಾನಾ, ಹೊಗಳಿಕೆನಾ?

ಪ್ರಶ್ನೆ: ನಮ್ಮ ಮನೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಮಗ ಹನ್ನೆರಡನೇ ಕ್ಲಾಸು, ಸೈನ್ಸ್. ಮೊನ್ನೆ ಅವನ ಮೊಬೈಲನ್ನು ಚಾರ್ಜಿಗೆ ಹಾಕುವಾಗ ಗೆಳೆಯನಿಗೆ ಕಳಿಸಿದ ಮೆಸೇಜ್ ಕಣ್ಣಿಗೆ ಬಿತ್ತು. ‘ಡೋಪ್ ಸ್ಟಫ್ ಬ್ರೋ, ಸೆಂಡ್ ಮೋರ್’ ಅಂತ ಇತ್ತು. ಗೋವಾದ ಮಾಪುಸಾದಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಭಾವನನ್ನು ಕೇಳಿದೆ. ‘ಡೋಪ್ ಅಂದ್ರೆ ಗಾಂಜಾ, ಚರಸ್. ಇಲ್ಲಿ ಮಕ್ಕಳಿಗೂ ಗೊತ್ತು. ಹುಡುಗನ ಮೇಲೆ ಒಂದು ಕಣ್ಣಿಡು’ ಅಂದರು. ಡಿಕ್ಷನರಿ ತೆಗೆದರೆ ದಡ್ಡ, ಒಳಗಿನ ಸುದ್ದಿ, ಮದ್ದು, ಅಂಟು ದ್ರವ ಅಂತ ಏನೇನೋ ಇದೆ. ಮಗನ ಫಿಸಿಕ್ಸ್ ಪುಸ್ತಕದಲ್ಲೂ ‘ಡೋಪಿಂಗ್’ ಅಂತ ಬರುತ್ತದೆ! ಇದರಲ್ಲಿ ಯಾವುದನ್ನು ನಂಬಲಿ? ಅವನನ್ನು ಇನ್ನೂ ಏನೂ ಕೇಳಿಲ್ಲ.
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಮೊದಲು ನಿಮ್ಮ ಆತಂಕಕ್ಕೆ ಬರೋಣ. ಆ ಮೆಸೇಜಿನಲ್ಲಿರುವ ‘ಡೋಪ್’ ಹೊಗಳಿಕೆ ಅಂತಲೇ ನನಗೆ ಕಾಣುತ್ತದೆ. ‘ಮಸ್ತ್ ಇದೆ ಮಾರಾಯ, ಇನ್ನೂ ಇದ್ದರೆ ಕಳಿಸು’ ಅಂದ ಹಾಗೆ. ಗೆಳೆಯ ಕಳಿಸಿದ್ದು ಹಾಡಿರಬಹುದು, ವಿಡಿಯೋ ಇರಬಹುದು, ಮೀಮ್ ಇರಬಹುದು. ಈಗಿನ ಕಾಲೇಜು ಹುಡುಗರು ಚಾಟಿನಲ್ಲಿ ಡೋಪ್ ಅಂದರೆ ಸಾಮಾನ್ಯವಾಗಿ ಇದೇ ಅರ್ಥ.

ಹಾಗಂತ ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ. ಅವರು ಇರುವ ಊರು ಅಂಥದ್ದು. 1960ರ ದಶಕದ ಕೊನೆಯಿಂದ ಅಂಜುನಾ, ಕಲಂಗೂಟ್ ಕಡೆಗೆ ಹಿಪ್ಪಿಗಳು ಬಂದು ಬೀಡುಬಿಟ್ಟರು. ಅವರ ಬಾಯಲ್ಲಿ ಡೋಪ್ ಅಂದರೆ ಸೇದುವ ಸರಕು, ಅಷ್ಟೇ. ಗೋವಾದ ಹೋಟೆಲಿನವರೂ ಟ್ಯಾಕ್ಸಿಯವರೂ ಆ ಮಾತನ್ನು ಅವರಿಂದ ಕೇಳಿ ಕಲಿತರು. ಅಲ್ಲಿ ಅದು ಹಾಗೇ ಉಳಿದಿದೆ. ಬ್ರಿಟಿಷರ ಇಂಗ್ಲಿಷಿನಲ್ಲೂ ‘ಡೋಪ್ ಸೇದುವುದು’ ಅಂದರೆ ಹೆಚ್ಚಾಗಿ ಗಾಂಜಾನೇ. ಅಮೆರಿಕದ ಬೀದಿಗೆ ಬಂದರೆ ಅದೇ ಪದ ಹೆರಾಯಿನ್ನಿಗೆ ತಿರುಗುತ್ತದೆ. ಹೆರಾಯಿನ್ ಸಿಗದೆ ಮೈಕೈ ನಡುಗಿ, ವಾಂತಿಯಾಗಿ ಒದ್ದಾಡುವ ಸ್ಥಿತಿಗೆ ಅಲ್ಲಿ ‘ಡೋಪ್‌ಸಿಕ್’ ಅಂತಲೇ ಹೆಸರು. ಅಂದರೆ ಭಾವ ಹೇಳಿದ ಅರ್ಥವೂ ಜೀವಂತವಾಗಿದೆ. ನಿಮ್ಮ ಮಗನ ಪೀಳಿಗೆಗೆ ಈ ಪದ ಬಂದದ್ದು ಮಾತ್ರ ಬೇರೆ ದಾರಿಯಿಂದ.

ಆ ದಾರಿ ಸ್ವಲ್ಪ ಉದ್ದ. ಡೋಪ್ ಹುಟ್ಟಿದ್ದು ಅಡುಗೆಮನೆಯಲ್ಲಿ ಅಂದರೆ ನಂಬುತ್ತೀರಾ? ಡಚ್ ಭಾಷೆಯಲ್ಲಿ ಅದಕ್ಕೆ ಅದ್ದಿಕೊಂಡು ತಿನ್ನುವ ಸಾಸ್ ಅನ್ನುವ ಅರ್ಥವಿತ್ತು. ನಮ್ಮ ಕರಾವಳಿಯವರು ‘ಗಸಿ’ ಅನ್ನುತ್ತಾರಲ್ಲ, ಹತ್ತಿರಹತ್ತಿರ ಅದು. ‘ಅದ್ದು’ ಅನ್ನುವ ಡಚ್ ಕ್ರಿಯಾಪದದಿಂದ ಬಂದ ಮಾತು. ಇಂಗ್ಲಿಷಿನ ‘ಡಿಪ್’ ಇದರ ದಾಯಾದಿ. ನ್ಯೂಯಾರ್ಕ್ ಊರು 1664ರವರೆಗೆ ಡಚ್ಚರ ಕೈಯಲ್ಲಿತ್ತು. ಆಗ ಅದರ ಹೆಸರು ನ್ಯೂ ಆಮ್‌ಸ್ಟರ್‌ಡ್ಯಾಮ್. ಅವರ ಆಳ್ವಿಕೆ ಹೋದರೂ ಕೆಲವು ಮಾತುಗಳು ಅಲ್ಲೇ ಉಳಿದವು. 1807ರ ಹೊತ್ತಿಗೆ ಈ ಪದ ಅಮೆರಿಕದ ಇಂಗ್ಲಿಷ್ ಬರಹದಲ್ಲಿ ಸಿಗುತ್ತದೆ, ಗಸಿಯ ಅರ್ಥದಲ್ಲೇ.

ಆಮೇಲೆ ಮಂದವಾಗಿ, ಅಂಟಂಟಾಗಿ ಇರುವುದೆಲ್ಲ ಡೋಪ್ ಆಯಿತು. ಗ್ರೀಸ್, ವಾರ್ನಿಷ್, ಎಲ್ಲವೂ. ಹಳೆಯ ಕಾಲದ ವಿಮಾನಗಳ ರೆಕ್ಕೆಗೆ ಬಟ್ಟೆ ಹೊದಿಸುತ್ತಿದ್ದರು. ಆ ಬಟ್ಟೆ ಬಿಗಿಯಾಗಲಿ, ಗಾಳಿ ನುಗ್ಗದಿರಲಿ ಅಂತ ಮೇಲೆ ಬಳಿಯುತ್ತಿದ್ದ ಲೇಪಕ್ಕೂ ಡೋಪ್ ಅಂತಲೇ ಹೆಸರು. ನಿಮ್ಮ ಡಿಕ್ಷನರಿಯ ‘ಅಂಟು ದ್ರವ’ ಇದೇ. ಡಿಕ್ಷನರಿಗಳ ವಿಷಯದಲ್ಲಿ ಇನ್ನೊಂದು ಮಾತು. ಕೆಲವು ಡಿಕ್ಷನರಿಗಳು ಹಳೆಯ ಅರ್ಥವನ್ನು ಮೊದಲು ಕೊಡುತ್ತವೆ. ಒಂದನೇ ನಂಬರಿನಲ್ಲಿ ಇದೆ ಅಂದ ಮಾತ್ರಕ್ಕೆ ಇವತ್ತು ಜಾಸ್ತಿ ಬಳಕೆಯಲ್ಲಿರುವ ಅರ್ಥ ಅದೇ ಅಂತಲ್ಲ. ಕಪಾಟಿನಲ್ಲಿರುವುದು ಹಳೆಯ ಪ್ರತಿಯಾದರೆ ಹೊಗಳಿಕೆಯ ಅರ್ಥ ಇಲ್ಲದೆಯೂ ಇರಬಹುದು.

ಅಂಟಿನಿಂದ ಅಮಲಿಗೆ ಜಿಗಿದದ್ದು ಅಫೀಮಿನ ಮೂಲಕ. ಸೇದುವ ಅಫೀಮನ್ನು ಕಾಯಿಸಿ ಮಂದ ಪಾಕ ಮಾಡುತ್ತಿದ್ದರು. ನೋಡಲು ಅದೂ ಅಂಟು ದ್ರವವೇ. 1880ರ ದಶಕದ ಕೊನೆಗೆ ಅಮೆರಿಕದಲ್ಲಿ ಆ ಪಾಕವನ್ನು ಡೋಪ್ ಅನ್ನತೊಡಗಿದರು. ಅಲ್ಲಿಂದ ಎಲ್ಲ ಮಾದಕ ವಸ್ತುವಿಗೂ ಅದೇ ಹೆಸರು ಹರಡಿತು. (ಅಫೀಮಿನ ಕಥೆಗೂ ನಮ್ಮ ಮುಂಬಯಿಗೂ ನಂಟು ಇದೆ. ಮಾಳವದ ಅಫೀಮು 19ನೇ ಶತಮಾನದಲ್ಲಿ ಇಲ್ಲಿನ ಬಂದರಿನಿಂದಲೇ ಚೀನಾಕ್ಕೆ ಹೋಗುತ್ತಿತ್ತು. ಈ ಊರಿನ ಕೆಲವು ದೊಡ್ಡ ಮನೆತನಗಳ ಹಣದಲ್ಲಿ ಅದರ ಪಾಲೂ ಇದೆ.)

ತಮಾಷೆಯ ಒಂದು ಕವಲನ್ನೂ ಹೇಳಿಬಿಡುತ್ತೇನೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕೋಕಾ ಕೋಲಾಕ್ಕೆ ಡೋಪ್ ಅನ್ನುತ್ತಿದ್ದರು. ಶುರುವಿನ ವರ್ಷಗಳಲ್ಲಿ ಆ ಪಾನೀಯದಲ್ಲಿ ಕೊಕೇನ್ ಇದ್ದದ್ದೇ ಕಾರಣ. ಅದನ್ನು ತೆಗೆದ ಮೇಲೂ ಹೆಸರು ಹೋಗಲಿಲ್ಲ. ಅಲ್ಲಿನ ಬಟ್ಟೆ ಗಿರಣಿಗಳ ಒಳಗೆ ತಂಪು ಪಾನೀಯ, ತಿಂಡಿ ಮಾರುವ ಗಾಡಿ ಓಡಾಡುತ್ತಿತ್ತು. ಕೆಲಸಗಾರರು ಅದನ್ನು ‘ಡೋಪ್ ವ್ಯಾಗನ್’ ಅನ್ನುತ್ತಿದ್ದರು. ಮುಂಬಯಿಯ ಲಾಲ್‌ಬಾಗ್, ಪರೇಲಿನ ಗಿರಣಿಗಳ ಕಾಲ ಕಂಡ ನಮ್ಮ ಹಿರಿಯರು ಇದನ್ನು ಕೇಳಿದರೆ ನಗುತ್ತಾರೆ.

ಇನ್ನು ಕುದುರೆ. ರೇಸಿನ ಕುದುರೆಗೆ ಕದ್ದು ಮದ್ದು ಕೊಟ್ಟು ಓಟವನ್ನು ಏರುಪೇರು ಮಾಡುವುದಕ್ಕೆ ಡೋಪ್ ಮಾಡುವುದು ಅಂದರು. ಯಾವ ಕುದುರೆಗೆ ಮದ್ದು ಹೋಗಿದೆ ಅಂತ ಮೊದಲೇ ಗೊತ್ತಿದ್ದವನೇ ಗೆದ್ದ, ಅಲ್ವಾ? ‘ಒಳಗಿನ ಸುದ್ದಿ’ ಅನ್ನುವ ಅರ್ಥ ಬಂದದ್ದು ಬಹುಶಃ ಹೀಗೆ, 1900ರ ಆಸುಪಾಸಿನಲ್ಲಿ. ಕುದುರೆಯಿಂದ ಆಟಗಾರರಿಗೆ ಬಂದ ಅರ್ಥ ನಿಮಗೆ ಗೊತ್ತೇ ಇದೆ. ಕನ್ನಡ ಪೇಪರುಗಳು ‘ಉದ್ದೀಪನ ಮದ್ದು’ ಅಂತ ಬರೆಯುತ್ತವೆ. ಅದರ ಮೇಲೆ ಕಣ್ಣಿಡಲು 1999ರಲ್ಲಿ ವಾಡಾ ಅನ್ನುವ ಜಾಗತಿಕ ಸಂಸ್ಥೆ ಹುಟ್ಟಿತು. ನಮ್ಮ ದೇಶದಲ್ಲಿ ನಾಡಾ ಇದೆ. ‘ದಡ್ಡ’ ಅನ್ನುವ ಅರ್ಥವೂ 19ನೇ ಶತಮಾನದ್ದೇ.

ಫಿಸಿಕ್ಸ್ ಪುಸ್ತಕದ ಡೋಪಿಂಗಿಗೆ ಹೆದರಬೇಡಿ. ಅದು ಸೆಮಿಕಂಡಕ್ಟರ್ ಪಾಠ. ಶುದ್ಧ ಸಿಲಿಕಾನ್ ವಿದ್ಯುತ್ತನ್ನು ಅಷ್ಟು ಚೆನ್ನಾಗಿ ಹರಿಯಬಿಡುವುದಿಲ್ಲ. ಅದಕ್ಕೆ ಫಾಸ್ಫರಸ್ ಅಥವಾ ಬೋರಾನ್ ಸೇರಿಸುತ್ತಾರೆ. ಹತ್ತು ಲಕ್ಷ ಪರಮಾಣುವಿಗೆ ಒಂದರಷ್ಟು ಬೆರೆತರೂ ಅದರ ಗುಣವೇ ಬದಲಾಗುತ್ತದೆ. ಮೊಬೈಲಿನ ಚಿಪ್ಪುಗಳೆಲ್ಲ ನಡೆಯುವುದು ಇದರ ಬಲದಲ್ಲಿ. ಪರೀಕ್ಷೆಗೆ ಬರುವ ಪಾಠ, ಓದಲಿ ಬಿಡಿ. ಹಾಗೆಯೇ ‘ಡೋಪಮಿನ್’ ಅಂತ ಅವನು ಅಂದರೆ ಅದನ್ನೂ ಇದಕ್ಕೆ ಗಂಟು ಹಾಕಬೇಡಿ. ಅದು ಮೆದುಳಿನ ಒಂದು ರಾಸಾಯನಿಕ. ಉದ್ದನೆಯ ಕೆಮಿಸ್ಟ್ರಿ ಹೆಸರೊಂದನ್ನು ಮೊಟಕು ಮಾಡಿದಾಗ ಸಿಕ್ಕ ಪದ. ಗಸಿಗೂ ಅದಕ್ಕೂ ಸಂಬಂಧ ಇಲ್ಲ.

ಈಗ ಹೊಗಳಿಕೆಗೆ ಬರೋಣ. 1980ರ ದಶಕದಲ್ಲಿ ನ್ಯೂಯಾರ್ಕಿನ ಹಿಪ್‌ಹಾಪ್ ಹುಡುಗರು ಒಳ್ಳೆಯ ಹಾಡಿಗೆ, ಒಳ್ಳೆಯ ತಾಳಕ್ಕೆ ಡೋಪ್ ಅನ್ನತೊಡಗಿದರು. ಅಮಲಿನ ಪದ ‘ಅದ್ಭುತ’ ಅಂತಾಯಿತು. ರ‍್ಯಾಪ್ ಹೋದ ಕಡೆಗೆಲ್ಲ ಪದವೂ ಹೋಯಿತು. ನಮ್ಮಲ್ಲಿ 2010ರ ನಂತರ ಅಂಧೇರಿಯ ಡಿವೈನ್, ಕುರ್ಲಾದ ನೇಝಿ ಹಿಂದಿಯಲ್ಲಿ ರ‍್ಯಾಪ್ ಮಾಡಿ ಹೆಸರಾದರು. ಧಾರಾವಿಯ ಹುಡುಗರೂ ಮೈಕ್ ಹಿಡಿದರು. ಅಂಥ ಹಾಡುಗಳ ಕೆಳಗಿನ ಕಾಮೆಂಟು ನೋಡಿ. ‘ಡೋಪ್ ಬೀಟ್’, ‘ಡೋಪ್ ಫ್ಲೋ ಭಾಯ್’ ಅಂತ ಸಾಲುಸಾಲು. ಅಲ್ಲಿಂದ ಶೂ, ಬೈಕು, ಕ್ರಿಕೆಟ್ ಶಾಟ್, ವಡಾಪಾವ್, ಎಲ್ಲಕ್ಕೂ ಅಂಟಿಕೊಂಡಿತು. ಡೊಂಬಿವಲಿಯ ಹುಡುಗನಿಗೆ ಈ ಪದ ಸಿಕ್ಕಿದ್ದು ಅಂಜುನಾದ ಬೀಚಿನಿಂದ ಅಲ್ಲ, ಇಯರ್‌ಫೋನಿನಿಂದ.

‘ಅಮಲಿನ ಪದ ಹೊಗಳಿಕೆ ಹೇಗಾಗುತ್ತದೆ? ಇದೆಲ್ಲ ಅಮೆರಿಕದವರ ಕೆಟ್ಟ ಚಾಳಿ’ ಅಂತ ನಿಮಗೆ ಅನ್ನಿಸಬಹುದು. ಹಾಗಾದರೆ ನಮ್ಮ ‘ಮಸ್ತ್’ ನೋಡಿ. ಮಾಟುಂಗಾದಲ್ಲಿ ಊಟ ಮಾಡಿ ಹೊರಗೆ ಬಂದು ‘ಊಟ ಮಸ್ತ್ ಇತ್ತು’ ಅನ್ನುತ್ತೇವೆ. ಮಸ್ತ್ ಪಾರಸಿ ಪದ. ಅದರ ಮೂಲ ಅರ್ಥ ‘ಅಮಲೇರಿದ, ಕುಡಿದು ಮತ್ತನಾದ’. ಆನೆಗೆ ಮದ ಬಂದಾಗ ‘ಮಸ್ತಿ ಬಂದಿದೆ’ ಅನ್ನುತ್ತಾರಲ್ಲ, ಅದೂ ಇದೇ. ಅಜ್ಜಿಯ ಹತ್ತಿರ ‘ಹೋಳಿಗೆ ಮಸ್ತಾಗಿದೆ’ ಅನ್ನುವಾಗ ನಮಗೆ ಹೆಂಡದ ವಾಸನೆ ಬರುವುದಿಲ್ಲ. ನಿಮ್ಮ ಮಗನಿಗೆ ಡೋಪ್ ಅನ್ನುವಾಗಲೂ ಅಷ್ಟೇ. ತುಳುವಿನಲ್ಲಿ ಮಸ್ತ್ ಇನ್ನೂ ಮುಂದೆ ಹೋಗಿ ಸುಮ್ನೆ ‘ತುಂಬಾ’ ಅಂತಾಗಿದೆ. ‘ಮಸ್ತ್ ಜನ’ ಅಂದರೆ ಬಹಳ ಜನ. ಅಲ್ಲಿ ಅಮಲೂ ಇಲ್ಲ, ಹೊಗಳಿಕೆಯೂ ಇಲ್ಲ.

ಒಂದೇ ಅಲ್ಲ, ಇಂಥವು ನಮ್ಮಲ್ಲಿ ಬೇಕಾದಷ್ಟಿವೆ. ಬೆಂಗಳೂರಿನವರ ‘ಸಖತ್’ ಮೂಲದಲ್ಲಿ ‘ಗಟ್ಟಿ, ಕಠಿಣ’. ಜೈಲು ಶಿಕ್ಷೆಗೂ ಉರ್ದುವಿನಲ್ಲಿ ಅದೇ ಪದ ಬಳಸುತ್ತಾರೆ. ಮುಂಬಯಿಯ ‘ಕಡಕ್’ ಕೂಡ ಗಟ್ಟಿ ಅಂತಲೇ. ಮೊದಲು ಚಹಾಕ್ಕೆ ಸೇರಿ ಆಮೇಲೆ ಡೈಲಾಗಿಗೂ ಆಟಕ್ಕೂ ಬಂತು. ‘ಖತರ್ನಾಕ್’ ಅಂದರೆ ಅಪಾಯಕಾರಿ. ಖತರ್ನಾಕ್ ಬ್ಯಾಟಿಂಗ್ ಅಂದರೆ ಯಾರೂ ಆಂಬುಲೆನ್ಸ್ ಕರೆಯುವುದಿಲ್ಲ. ಪುಣೆಯ ಹುಡುಗರ ‘ಭಾರೀ’ಗೆ ‘ಭಾರವಾದ’ ಅಂತ ಅರ್ಥ. ನಾವು ‘ಭಯಂಕರ ಚೆನ್ನಾಗಿದೆ’ ಅನ್ನುತ್ತೇವೆ, ಭಯ ಎಲ್ಲಿಯೂ ಇರುವುದಿಲ್ಲ. ಮನಸ್ಸನ್ನು ಅಲ್ಲಾಡಿಸುವ ಪದ ಯಾವುದಾದರೂ ಸಿಕ್ಕರೆ ಹುಡುಗರು ಅದನ್ನು ಹೊಗಳುವುದಕ್ಕೆ ಎತ್ತಿಕೊಳ್ಳುತ್ತಾರೆ. ‘ಚೆನ್ನಾಗಿದೆ’ ಅನ್ನುವುದು ಅವರಿಗೆ ಸಪ್ಪೆ. ಇಂಗ್ಲಿಷಿನ ‘ಲಿಟ್’ ಕೂಡ ನೂರು ವರ್ಷದ ಹಿಂದೆ ‘ಕುಡಿದವನು’ ಅಂತಿತ್ತು. ಈಗ ಪಾರ್ಟಿ ಜೋರಾಗಿದ್ದರೆ ಲಿಟ್. ‘ಸಿಕ್’ ಅಂದರೂ ಸೂಪರ್.

ಹಾಗಾದರೆ ಯಾವ ಡೋಪ್ ಯಾವುದು ಅಂತ ಗುರುತಿಸುವುದು ಹೇಗೆ? ಪದವನ್ನು ಒಂಟಿಯಾಗಿ ನೋಡಬೇಡಿ. ವಾಕ್ಯದಲ್ಲಿ ಅದು ಎಲ್ಲಿ ನಿಂತಿದೆ, ಪಕ್ಕದಲ್ಲಿ ಯಾರಿದ್ದಾರೆ ನೋಡಿ. ‘ಸೋ ಡೋಪ್’, ‘ಪ್ರೆಟಿ ಡೋಪ್’, ‘ಏಕ್‌ದಮ್ ಡೋಪ್’ ಅಂತ ಹಿಂದೆ ಪ್ರಮಾಣ ಹೇಳುವ ಮಾತು ಬಂದರೆ ಹೊಗಳಿಕೆ. ಗಾಂಜಾಕ್ಕೆ ‘ಏಕ್‌ದಮ್ ಗಾಂಜಾ’ ಅಂತ ಯಾರೂ ಹೇಳುವುದಿಲ್ಲವಲ್ಲ. ‘ಡೋಪ್ ಶೂಸ್’, ‘ಡೋಪ್ ವಿಡಿಯೋ’ ಅಂತ ವಸ್ತುವಿನ ಹೆಸರಿಗೆ ಮೊದಲು ಕೂತರೂ ಸಾಮಾನ್ಯವಾಗಿ ಹೊಗಳಿಕೆ. ‘ಸ್ಮೋಕ್’, ‘ಸೆಲ್’, ‘ಸ್ಕೋರ್’ (ಕದ್ದು ಕೊಳ್ಳುವುದು) ಇಂಥ ಕ್ರಿಯಾಪದ ಆದ ಮೇಲೆ ಬಂದರೆ ಮಾದಕ ವಸ್ತು. ‘ದ ಡೋಪ್ ಆನ್’ ಅಂತ ಬಂದು ಮುಂದೆ ಒಬ್ಬರ ಹೆಸರೋ ವಿಷಯವೋ ಇದ್ದರೆ ಒಳಗಿನ ಸುದ್ದಿ. ಇದು ಇಂಗ್ಲಿಷ್ ಪತ್ರಿಕೆಗಳಲ್ಲಿ ಸಿಗುತ್ತದೆ, ಹುಡುಗರ ಚಾಟಿನಲ್ಲಿ ಅಪರೂಪ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇನ್ನೊಂದು. ‘ಹೀ ಈಸ್ ಡೋಪ್’ ಅಂದರೆ ‘ಅವನು ಸೂಪರ್’. ‘ಹೀ ಈಸ್ ಎ ಡೋಪ್’ ಅಂದರೆ ‘ಅವನೊಬ್ಬ ಪೆದ್ದ’. ನಡುವೆ ಒಂದು ‘ಎ’ ಸೇರಿದರೆ ಹೊಗಳಿಕೆ ಹೋಗಿ ಬೈಗುಳ. ಇಂಗ್ಲಿಷಿನ ಈ ‘ಎ’, ‘ದ’ಗಳು ಕನ್ನಡದಲ್ಲಿ ಇಲ್ಲ. ಅದಕ್ಕೇ ನಾವು ಅವನ್ನು ಬಿಟ್ಟುಬಿಡುತ್ತೇವೆ, ಇಲ್ಲವೇ ಬೇಡದ ಕಡೆ ಹಾಕುತ್ತೇವೆ. ಸೊಸೆಯಾಗಿ ಬರುವ ಹುಡುಗಿಯ ಫೋಟೋದ ಕೆಳಗೆ ‘ಶೀ ಈಸ್ ಎ ಡೋಪ್’ ಅಂತ ಬರೆದರೆ ಕಥೆ ಮುಗಿಯಿತು.

ಕನ್ನಡ ವಾಕ್ಯದೊಳಗೆ ಈ ಗೊಂದಲ ಇನ್ನೂ ಕಡಿಮೆ. ನಮ್ಮ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. ‘ಹಾಡು ಡೋಪ್ ಇದೆ’ ಅಂದರೆ ಹಾಡು ಚೆನ್ನಾಗಿದೆ. ‘ಅವನು ಡೋಪ್ ಹೊಡೀತಾನೆ’ ಅಂದರೆ ವಿಷಯ ಬೇರೆ. ಮುಂಬಯಿ ಹಿಂದಿಯಲ್ಲೂ ಹಾಗೇ. ‘ಡೋಪ್ ಹೈ’ ಒಂದು, ‘ಡೋಪ್ ಮಾರ್ತಾ ಹೈ’ ಇನ್ನೊಂದು.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಮೆಸೇಜಿನ ಒಂದು ಸಣ್ಣ ತೊಡಕನ್ನು ಮುಚ್ಚಿಡಬಾರದು. ‘ಸ್ಟಫ್’ ಅನ್ನುವುದಕ್ಕೂ ಎರಡು ಮುಖ ಇದೆ. ಸುಮ್ನೆ ‘ವಸ್ತು’ ಅಂತಲೂ ಹೌದು, ಮಾದಕ ವಸ್ತುವಿಗೆ ಬಳಸುವ ಗುಪ್ತನಾಮವೂ ಹೌದು. ಮುಂಬಯಿಯಲ್ಲಿ ಅಂಥವರು ಮಾತಾಡುವಾಗ ‘ಮಾಲ್’, ‘ಸ್ಟಫ್’, ‘ವೀಡ್’ ಅನ್ನುತ್ತಾರೆ. ಬಚ್ಚಿಡುವ ಉದ್ದೇಶ ಇದ್ದವರು ಡಿಕ್ಷನರಿಯಲ್ಲೇ ‘ಮಾದಕ ವಸ್ತು’ ಅಂತ ಬರೆದಿರುವ ಡೋಪನ್ನು ಯಾಕೆ ಬಳಸುತ್ತಾರೆ ಹೇಳಿ. ಆದರೂ ಎರಡೂ ಪದ ಒಟ್ಟಿಗೆ ಬಂದಾಗ ಬರೀ ವ್ಯಾಕರಣದಿಂದ ನೂರಕ್ಕೆ ನೂರು ತೀರ್ಪು ಕೊಡಲು ಆಗುವುದಿಲ್ಲ. ಅದಕ್ಕೆ ಮುಂಚಿನ ಮೆಸೇಜ್ ಏನು ಅನ್ನುವುದೇ ಮುಖ್ಯ. ಅಲ್ಲಿ ಹಾಡಿನ ಲಿಂಕೋ ವಿಡಿಯೋನೋ ಇದ್ದರೆ ಮಾತು ಮುಗಿಯಿತು. ಅದರ ಜೊತೆಗೆ ‘ಸೆಂಡ್ ಮೋರ್’ ಅಂದಿದ್ದಾನೆ. ಚಾಟಿನಲ್ಲಿ ಕಳಿಸುವುದು ಫೈಲುಗಳನ್ನು. ನಾನು ಹೊಗಳಿಕೆ ಅಂದದ್ದು ಇದರಿಂದಲೇ.

ಅವನನ್ನು ಕೇಳುವುದಾದರೆ ಮೊಬೈಲ್ ಹಿಡಿದು ಕೋರ್ಟಿನಲ್ಲಿ ಸಾಕ್ಷಿ ತೋರಿಸುವಂತೆ ಕೇಳಬೇಡಿ. ‘ಚಾರ್ಜಿಗೆ ಹಾಕುವಾಗ ಮೆಸೇಜ್ ಕಾಣಿಸಿತು ಕಣೋ. ಏನು ಕಳಿಸಿದ್ದ ಅವನು, ಅಷ್ಟು ಚೆನ್ನಾಗಿತ್ತಾ?’ ಅನ್ನಿ. ನೋಡಿದ್ದನ್ನು ಮುಚ್ಚಿಡಬೇಡಿ. ಹದಿನೇಳರ ಹುಡುಗ ಹಾಡಾಗಿದ್ದರೆ ಅಲ್ಲೇ ಹಾಕಿ ಕೇಳಿಸುತ್ತಾನೆ, ಸ್ವಲ್ಪ ಮುಖ ಗಂಟು ಹಾಕಿಕೊಂಡಾದರೂ. ‘ಭಾವ ಹೀಗಂದರು’ ಅಂತ ಮಾತ್ರ ಶುರು ಮಾಡಬೇಡಿ. ಗೋವಾದ ದೊಡ್ಡಪ್ಪ ತನ್ನನ್ನು ಗಾಂಜಾ ಗಿರಾಕಿ ಅಂದುಕೊಂಡರು ಅಂತ ಅವನು ಮುಂದಿನ ಗಣೇಶ ಚತುರ್ಥಿಯವರೆಗೂ ಮಾತಾಡಲಿಕ್ಕಿಲ್ಲ.

ಅವನಿಗೂ ಎರಡು ಮಾತು ಹೇಳಿ. ಇದು ಗೆಳೆಯರ ನಡುವಿನ ಮಾತು. ಐವತ್ತು ದಾಟಿದ ಪ್ರೊಫೆಸರಿಗೆ ‘ಸರ್, ಯುವರ್ ಲೆಕ್ಚರ್ ವಾಸ್ ಡೋಪ್’ ಅಂತ ಬರೆದರೆ ಅವರಿಗೆ ನೆನಪಾಗುವುದು ನಿಮ್ಮ ಭಾವನಿಗೆ ನೆನಪಾದ ಅರ್ಥವೇ. ಕಾಲೇಜಿನ ಅರ್ಜಿ, ಇಂಟರ್‌ವ್ಯೂ, ಆಫೀಸಿನ ಇಮೇಲ್, ಇಲ್ಲೆಲ್ಲ ಬೇಡ. ಗೋವಾದ ದಾಬೋಳಿ ಏರ್‌ಪೋರ್ಟಿನಲ್ಲಿ ಬ್ಯಾಗ್ ತಪಾಸಣೆಯವರ ಮುಂದೆ ‘ಡೋಪ್ ಸ್ಟಫ್’ ಅಂತ ತಮಾಷೆ ಮಾಡುವುದಂತೂ ಖಂಡಿತ ಬೇಡ. ನಿಮಗೂ ಒಂದು ಕಿವಿಮಾತು: ಈಗ ಅರ್ಥ ಗೊತ್ತಾಯಿತು ಅಂತ ಅವನ ಗೆಳೆಯರ ಎದುರು ‘ಉಪ್ಪಿಟ್ಟು ಡೋಪ್ ಆಗಿದೆಯಾ?’ ಅಂತ ಕೇಳಬೇಡಿ. ಅವನು ನಾಚಿ ಸಾಯುತ್ತಾನೆ. ಅವರಲ್ಲಿ ಕೆಲವರಿಗೆ ಡೋಪ್ ಆಗಲೇ ಅಣ್ಣಂದಿರ ಕಾಲದ ಮಾತು. ‘ಫೈರ್’, ‘ಪೀಕ್’ ಅಂತೆಲ್ಲ ಶುರುವಾಗಿದೆ.

ಕೊನೆಗೆ, ನನ್ನ ಕೆಲಸ ಪದಗಳದ್ದು, ಹುಡುಗರದ್ದಲ್ಲ. ಮೆಸೇಜ್ ಬಿಟ್ಟು ಬೇರೆ ಏನಾದರೂ ನಿಮ್ಮ ಮನಸ್ಸಿಗೆ ಚುಚ್ಚುತ್ತಿದ್ದರೆ ಅದಕ್ಕೆ ಡಿಕ್ಷನರಿಯಲ್ಲಿ ಉತ್ತರ ಇಲ್ಲ. ಲೆಕ್ಕಕ್ಕೆ ಸಿಗದ ಹಣ, ಹಗಲು ರಾತ್ರಿ ಏರುಪೇರಾದ ನಿದ್ದೆ, ಹಳೆಯ ಗೆಳೆಯರೆಲ್ಲ ಒಮ್ಮೆಗೇ ಮಾಯವಾಗುವುದು, ಇಂಥದ್ದು ಕಂಡರೆ ಪದದ ಅರ್ಥ ಏನೇ ಇರಲಿ, ಮನೆಯ ಡಾಕ್ಟರ ಹತ್ತಿರ ಮಾತಾಡಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಅಂಥದ್ದೇನೂ ಕಾಣದಿದ್ದರೆ ಆ ಹಾಡು ಯಾವುದು ಅಂತ ಕೇಳಿ ನೋಡಿ.